ಎರಡು ಮೀಟರಿನ ಎಫ್‌3ಎ ವಿಮಾನ: ಒಂದು ಋತುವಿನ ಹಾರಾಟದ ನಂತರ

ಎಫ್‌3ಎ ಎಂದರೆ ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳಿಂದ ಆಗಸದಲ್ಲಿ ಕಸರತ್ತು ಮಾಡಿಸುವ ಏರೋಬ್ಯಾಟಿಕ್ಸ್ ಸ್ಪರ್ಧೆಯ ಅಂತರರಾಷ್ಟ್ರೀಯ ವರ್ಗ. ಅದಕ್ಕೆಂದೇ ರೂಪಿಸಿದ, ಬಹುಪಾಲು ಜೋಡಿಸಿಯೇ ಬರುವ ವಿಮಾನವೊಂದನ್ನು ಕೊಂಡು ಅಮೆರಿಕದ ಇಂಡಿಯಾನಾದ ನಮ್ಮ ಕ್ಲಬ್ಬಿನ ಮೈದಾನದಲ್ಲಿ ಇಡೀ ಬೇಸಿಗೆ ಹಾರಿಸಿದೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ವರ್ಗದ ವಿಮಾನಗಳೆಲ್ಲ ಒಂದೇ ನಿಯಮಕ್ಕೆ ಒಗ್ಗಿ ಹುಟ್ಟಿದವು, ಆದ್ದರಿಂದ ನನ್ನ ಮಾತು ಬಹುಮಟ್ಟಿಗೆ ಎಲ್ಲಕ್ಕೂ ಸಲ್ಲುತ್ತದೆ.

ಅಂತರರಾಷ್ಟ್ರೀಯ ನಿಯಮದಂತೆ ಉದ್ದವಾಗಲಿ ರೆಕ್ಕೆಯ ಹರವಾಗಲಿ 2 ಮೀಟರ್ ಮೀರಬಾರದು, ಬ್ಯಾಟರಿಯೂ ಸೇರಿ ತೂಕ 5 ಕಿಲೋ ದಾಟಬಾರದು. ಹತ್ತು ಸೆಲ್ಲುಗಳ ಲಿಥಿಯಂ ಪಾಲಿಮರ್ ಪ್ಯಾಕೇ ಒಂದು ಕಿಲೋಗಿಂತ ಹೆಚ್ಚು ತೂಗುವುದರಿಂದ ಉಳಿದುದರಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕಿಯೇ ಕಟ್ಟಬೇಕು. ಫಲವಾಗಿ ಒಡಲು ಕಾಗದದಷ್ಟು ತೆಳು. ನನ್ನ ವಿಮಾನದ ಬಾಲದ ರೆಕ್ಕೆ ಪೆಟ್ಟಿಗೆಯಲ್ಲಿಯೇ ಬಿರುಕು ಬಿಟ್ಟಿತ್ತು, ಬದಲಿ ಭಾಗಕ್ಕೆ ಏಳು ವಾರ ಕಾದೆ.

ಆದರೆ ಗಾಳಿಗೆ ಏರಿದ ಮೇಲೆ ದೂರುಗಳೆಲ್ಲ ಮರೆತುಹೋದವು. ಎತ್ತರವಾದ ಒಡಲಿನ ಪಕ್ಕವೇ ರೆಕ್ಕೆಯಂತೆ ವಿಮಾನವನ್ನು ಹೊರುವುದರಿಂದ, ಅಡ್ಡ ಮಗ್ಗುಲಾಗಿ ಸಾಗುವ ನೈಫ್ ಎಡ್ಜ್‌ನಲ್ಲಿ ಬಾಲದ ಚುಕ್ಕಾಣಿಯಾದ ರಡ್ಡರನ್ನು ತುಸುವೇ ಒತ್ತಿದರೂ ಗೆರೆ ಎಳೆದಂತೆ ನೇರ ಹೋಗುತ್ತದೆ. ಎದುರುಬದುರು ತಿರುಗುವ ಜೋಡಿ ಪ್ರೊಪೆಲ್ಲರ್ ಎಂಜಿನಿಯರಿಂಗ್‌ನ ಸೊಗಸು: ಒಂದರ ತಿರುಚುಬಲವನ್ನು ಇನ್ನೊಂದು ಕಳೆದುಹಾಕುತ್ತದೆ, ನೇರ ಕೆಳಗಿಳಿಯುವಾಗ ಎರಡೂ ಸೇರಿ ಬ್ರೇಕ್ ಹಿಡಿಯುತ್ತವೆ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಎನ್‌ಸಿಸಿ ವಾಯು ವಿಭಾಗದ ತಂತಿ ಕಟ್ಟಿದ ವಿಮಾನದೊಂದಿಗೆ ತಲೆಸುತ್ತುವವರೆಗೆ ಗಿರಗಿರನೆ ತಿರುಗಿದವನಿಗೆ ಇದು ಬೇರೆಯದೇ ಲೋಕ.

ಇಷ್ಟು ಒಳ್ಳೆಯ ವಿಮಾನ ಏಕೆ ಬೇಕಾಯಿತೆಂಬುದನ್ನೂ ವಿಮರ್ಶೆಯೊಳಗೇ ಹೇಳಬೇಕು. 1980ರ ದಶಕಕ್ಕೆ ಮುಂಚೆ ಪ್ರತಿ ಕಸರತ್ತನ್ನೂ ತೀರ್ಪುಗಾರರೆದುರು ಬಿಡಿಬಿಡಿಯಾಗಿ ಮಾಡಿ ತೋರಿಸಿ, ನಡುವೆ ತಿರುಗಿಸಿಕೊಂಡು ಬರುವಾಗ ಉಸಿರು ಬಿಡಬಹುದಿತ್ತು. ಟರ್ನ್‌ಅರೌಂಡ್ ಪದ್ಧತಿ ಬಂದ ಮೇಲೆ ಆ ತಿರುವಿಗೂ ಅಂಕ. ಈಗ ಪ್ರಾಥಮಿಕ ಸುತ್ತಿನಲ್ಲಿ 17 ಕಸರತ್ತುಗಳು ಕೊಂಡಿ ಕೊಂಡಿಯಾಗಿ ಬರುತ್ತವೆ, 15 ಡಿಗ್ರಿ ವಾಲಿದರೆ ಒಂದು ಅಂಕ ಹೋಗುತ್ತದೆ, ಗಾಳಿ ಎಷ್ಟೇ ತಳ್ಳಿದರೂ ಹಾದಿ ನೇರವಿರಬೇಕು. ಮೇಲೆದ್ದು ವೃತ್ತಾಕಾರವಾಗಿ ಲೂಪ್ ಸುತ್ತುತ್ತಲೇ ವಿಮಾನವನ್ನು ಅದರ ಉದ್ದದ ಅಕ್ಷದ ಮೇಲೆ ರೋಲ್ ಉರುಳಿಸುವಂಥವು ಸೇರಿದ ಈ ಪಟ್ಟಿ ಒಂದಿಷ್ಟು ಕೈಗೆ ಹತ್ತುವಷ್ಟರಲ್ಲಿ, ಎರಡು ವರ್ಷಕ್ಕೊಮ್ಮೆ, ಬದಲಾಗುತ್ತದೆ. ಕಸರತ್ತು ಕಠಿಣವಾದಂತೆ ವಿಮಾನ ಸುಧಾರಿಸಿತು. ವಿಮಾನ ಸುಧಾರಿಸಿತೆಂದು ಕಸರತ್ತನ್ನು ಇನ್ನಷ್ಟು ಕಠಿಣಗೊಳಿಸಿದರು. ಮೇಲಿನ ಹತ್ತಾರು ಮಂದಿಯನ್ನು ಬೇರ್ಪಡಿಸಿ ತೂಗಲು ಅದು ಅಗತ್ಯವಿರಬಹುದು, ಆದರೆ ಅದರ ಬೆಲೆ ತೆರುತ್ತಿರುವವರು ಕೆಳಗಿನವರು.

ಅಮೆರಿಕದಲ್ಲಿ ಹೊಸಬರಿಗೆ ಸ್ಪೋರ್ಟ್ಸ್‌ಮನ್ ಎಂಬ ಸರಳ ವರ್ಗವಿದೆ, ಅದಕ್ಕೆ ಸಣ್ಣದೊಂದು ವಿಮಾನವೇ ಧಾರಾಳ. ಆದರೂ ಸಾಲಾಗಿ ನಿಂತ ಸಾವಿರಾರು ಡಾಲರಿನ ವಿಮಾನಗಳನ್ನು ಕಂಡ ಹೊಸಬ ಅದನ್ನು ನಂಬುವುದಿಲ್ಲ. ನಾನು ಹೋದ ಸ್ಪರ್ಧೆಗಳಲ್ಲಿ ಆ ವರ್ಗಕ್ಕೆ ಒಬ್ಬಿಬ್ಬರು ಬಂದರೆ ಹೆಚ್ಚು. ಮೇಲಿನ ಮಾಸ್ಟರ್ಸ್ ವರ್ಗದಲ್ಲಿ ನರೆಗೂದಲಿನವರೇ ತುಂಬಿದ್ದರು. ಸ್ಥಳೀಯ ಪಂದ್ಯಗಳಲ್ಲಿ ಒಂದು ವರ್ಗದವರಿಗೆ ಇನ್ನೊಂದು ವರ್ಗದ ಸ್ಪರ್ಧಿಗಳೇ ತೀರ್ಪುಗಾರರಾಗುವುದರಿಂದ, ಜನ ಕಡಿಮೆಯಾದಷ್ಟೂ ಉಳಿದವರು ಬಿಸಿಲಲ್ಲಿ ಕುರ್ಚಿಗೆ ಅಂಟಿಕೊಂಡು ಕತ್ತೆತ್ತಿ ಕೂರುವ ಹೊತ್ತು ಹೆಚ್ಚುತ್ತದೆ. ಮುಂದಿನ ಸಲ ಅವರೂ ಬರಲು ಹಿಂಜರಿಯುತ್ತಾರೆ.

ಐದಕ್ಕೆ ಮೂರೂವರೆ ನಕ್ಷತ್ರ. ಹಾರಾಟಕ್ಕೆ ಪೂರ್ತಿ ಅಂಕ. ಕಳೆದದ್ದು ಪ್ಯಾಕಿಂಗ್, ಬಿಡಿಭಾಗ ಹಾಗೂ ಬೆಲೆಗೆ. ಕಸರತ್ತುಗಳನ್ನು ಓದಿ ಹೇಳುವ ಕಾಲರ್ ಒಬ್ಬರು ಜೊತೆಗಿದ್ದು, ವಾರಕ್ಕೆ ಮೂರು ದಿನ ಅಭ್ಯಾಸ ಮಾಡಬಲ್ಲವರು ಧಾರಾಳವಾಗಿ ಕೊಳ್ಳಿ. ಮೊದಲ ಪಂದ್ಯಕ್ಕೆ ಹೊರಟವರು ಶೆಡ್ಡಿನಲ್ಲಿರುವ ಹಳೆಯ ವಿಮಾನವನ್ನೇ ತನ್ನಿ, ನಾನೂ ಸ್ಪೋರ್ಟ್ಸ್‌ಮನ್ ಪಟ್ಟಿಯನ್ನು ಅಂಥದ್ದರಲ್ಲಿಯೇ ಕಲಿತೆ.