ಬೆಟ್ಟದ ಪುಟ್ಟ ಸುತ್ತುದಾರಿ: ಬಾಣದ ಗುರುತಿಗೆ ಎದುರಾಗಿ ನಡೆದರೆ ಚೆನ್ನ

ಹೊರಟಲ್ಲಿಗೇ ಮರಳಿ ಬಂದು ಸೇರುವ ಈ ಕಾಲುದಾರಿಯ ಉದ್ದ ಸುಮಾರು 5 ಕಿಲೋಮೀಟರ್, ಒಟ್ಟು ಏರು ಸುಮಾರು 300 ಮೀಟರ್. ಹೋದ ದಾರಿಯಲ್ಲೇ ಹಿಂತಿರುಗುವ ಚಾರಣದಲ್ಲಿ ಕಂಡದ್ದನ್ನೇ ಮತ್ತೆ ಕಾಣಬೇಕಾಗುತ್ತದೆ. ಇಲ್ಲಿ ಅರ್ಧ ದಾರಿ ಮರಗಳ ನೆರಳಿನಲ್ಲಿ, ಇನ್ನರ್ಧ ತೆರೆದ ಬಂಡೆಗಳ ನಡುವೆ ಸಾಗುವುದರಿಂದ ಆ ಬೇಸರವಿಲ್ಲ.

ನನ್ನ ತಕರಾರು ಇರುವುದು ಫಲಕದ ಬಗ್ಗೆ. ಒಂದೇ ಗಂಟೆಯ ನಡಿಗೆ ಎಂದು ಅದರಲ್ಲಿ ಬರೆದಿದ್ದಾರೆ. ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕ. ಅದರಂತೆ ಎಲ್ಲಿಯೂ ನಿಲ್ಲದೆ ನಡೆದರೂ ಒಂದೂವರೆ ಗಂಟೆ ಬೇಕು. ನನಗೆ ಎರಡೂಕಾಲು ಗಂಟೆ ಹಿಡಿಯಿತು, ಅದರಲ್ಲಿ ಇಪ್ಪತ್ತು ನಿಮಿಷ ನೆತ್ತಿಯ ಬಂಡೆಯ ಮೇಲೆ ಸುಮ್ಮನೆ ಕುಳಿತದ್ದು.

ಫಲಕದ ಬಾಣ ಸುತ್ತುಸುತ್ತಾದ ಸುಲಭದ ದಾರಿಯಲ್ಲಿ ಹತ್ತಿಸಿ, ಕಡಿದಾದ ಕಲ್ಲುದಾರಿಯಲ್ಲಿ ಇಳಿಸುತ್ತದೆ. ಮೊದಲ ಸಲ ಹಾಗೆಯೇ ಹೋದೆ. ಇಳಿಯುವಾಗ ಬೂಟಿನಡಿ ಸಣ್ಣ ಜಲ್ಲಿಕಲ್ಲುಗಳು ಗೋಲಿಗಳಂತೆ ಉರುಳಿ ಎರಡು ಬಾರಿ ಕುಕ್ಕರಿಸಿ ಬಿದ್ದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾದ್ದರಿಂದ ಮರುದಿನದ ನೋವೂ ಹೆಚ್ಚು. ಎರಡನೆಯ ಸಲ ತಿರುಗುಮುರುಗಾಗಿ ನಡೆದೆ: ಏದುಸಿರು ಬಂತು ನಿಜ, ಆದರೆ ಮಂಡಿಗಳು ಉಳಿದವು. ಬಾಣ ಇಲ್ಲಿ ಸಲಹೆಯಷ್ಟೇ, ನಿಯಮವಲ್ಲ.

ನೋಟದ ವಿಷಯದಲ್ಲಿ ದೂರುವಂತಿಲ್ಲ. ಬೆಳಗಿನ ಓರೆಬಿಸಿಲಿನಲ್ಲಿ ಕಣಿವೆಯ ಒಂದೊಂದು ಮಡಿಕೆಯೂ ತನ್ನ ನೆರಳಿನಿಂದ ಬೇರೆಯಾಗಿ ಕಾಣುತ್ತದೆ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ ದೂರದ ಸಾಲುಗಳು ಹಿಂದಕ್ಕೆ ಹೋದಂತೆಲ್ಲ ನೀಲಿಯಾಗುತ್ತವೆ. ನಡುಹಗಲಿನಲ್ಲಿ ಇದೆಲ್ಲ ಚಪ್ಪಟೆಯಾಗಿಬಿಡುತ್ತದೆ, ಹಾಗಾಗಿ ಬೇಗ ಹೊರಡಿ.

ನಿರ್ವಹಣೆ ಅಷ್ಟಕ್ಕಷ್ಟೇ. ಮಳೆನೀರನ್ನು ಪಕ್ಕಕ್ಕೆ ಹರಿಸಲು ದಾರಿಗೆ ಓರೆಯಾಗಿ ಹೂತ ಕಲ್ಲುಗಳ ಹಿಂದೆ ತರಗೆಲೆ ಕಟ್ಟಿಕೊಂಡು, ಒಂದು ಕಡೆ ನೀರು ಅವುಗಳ ಮೇಲೆಯೇ ಹರಿದು ಗೇಣುದ್ದದ ಕೊರಕಲು ಬಿದ್ದಿದೆ. ತಿರುವುಗಳ ನಡುವೆ ನೇರವಾಗಿ ಇಳಿಯುವವರು ಮಾಡಿದ ಅಡ್ಡದಾರಿಗಳಲ್ಲೂ ಇದೇ ಸವಕಳಿ.

ಎದುರು ದಿಕ್ಕಿನಲ್ಲಿ ನಡೆಯುವವರಿಗೆ ಒಂದು ತೊಡಕುಂಟು. ಮರಗಳ ಮೇಲಿನ ಬಣ್ಣದ ಪಟ್ಟೆಗಳನ್ನು ಒಂದೇ ಮಗ್ಗುಲಿಗೆ ಬಳಿದಿದ್ದಾರೆ. ಪ್ರತಿ ಕವಲಿನಲ್ಲೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂತಿರುಗಿ ನೋಡಿ, ಪಟ್ಟೆ ಕಂಡರಷ್ಟೇ ಮುಂದುವರಿಯಬೇಕು.