ಕೆಂಪು ಜಾಸ್ಪರ್ ಉಂಗುರ: ವರ್ಷಗಟ್ಟಲೆ ತೊಟ್ಟ ಮೇಲೆ

ಫಳಫಳ ಹೊಳೆಯುವ ಹರಳೇ ಬೇಕು ಅನ್ನುವವರಿಗೆ ಜಾಸ್ಪರ್ ಹಿಡಿಸಲಿಕ್ಕಿಲ್ಲ. ಇದರೊಳಗೆ ಬೆಳಕು ಹಾಯುವುದಿಲ್ಲ. ಬಣ್ಣ, ಗೆರೆ, ನುಣುಪು, ಇಷ್ಟೇ ಇದರ ಅಂದ. ಬೆಳ್ಳಿಯಲ್ಲಿ ಕೂರಿಸಿದ ಕೆಂಪು ಜಾಸ್ಪರ್ ಉಂಗುರವನ್ನು ವರ್ಷಗಳಿಂದ ದಿನವೂ ತೊಡುತ್ತಿದ್ದೇನೆ. ದಿನಬಳಕೆಗೆ ಇಷ್ಟು ಒಗ್ಗುವ ಕಲ್ಲುಗಳು ಕಡಿಮೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಬೆಳ್ಳಿಯ ಮೇಲೆಲ್ಲ ಗೀರು ಬಿದ್ದಿವೆ, ಕಲ್ಲಿನ ಮೆರುಗು ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ. ಜಾಸ್ಪರ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಒತ್ತಾಗಿ ಹೆಣೆದುಕೊಂಡ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲು. ಗೀರು ಬೀಳದೆ ತಡೆಯುವ ಶಕ್ತಿಯನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಇದರ ಗಡಸುತನ 6.5ರಿಂದ 7. ಬೆಳ್ಳಿಯದು 3ರ ಒಳಗೇ, ಕಿಟಕಿ ಗಾಜಿನದು ಸುಮಾರು 5.5. ಆದ್ದರಿಂದ ಇದಕ್ಕಿಂತ ಮೆತ್ತಗಿರುವ ಮುತ್ತಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಮುತ್ತು ಹಾಳಾಗುತ್ತದೆ.

ಬಣ್ಣವೂ ಮಾಸಿಲ್ಲ. ಕೆಂಪು ಬರುವುದು ಹೆಮಟೈಟ್ ಅನ್ನುವ ಕಬ್ಬಿಣದ ಆಕ್ಸೈಡಿನಿಂದ. ಅದು ಕಲ್ಲಿನೊಳಗೇ ಬೆರೆತಿರುತ್ತದೆ, ಬಿಸಿಲಿಗೋ ಸೋಪಿಗೋ ಹೋಗುವಂಥದ್ದಲ್ಲ. ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆಯ ಬಟ್ಟೆ ಸಾಕು.

ಹಾಗಂತ ಒಡೆಯದ ಕಲ್ಲೇನಲ್ಲ. ಗಟ್ಟಿ ನೆಲಕ್ಕೆ ಬಿದ್ದರೆ ಅಂಚಿನಲ್ಲಿ ಚಕ್ಕೆ ಏಳಬಹುದು. ಉಂಗುರಕ್ಕಾದರೆ ಕಲ್ಲಿನ ಸುತ್ತ ಲೋಹದ ಕಟ್ಟು ಪೂರ್ತಿ ಇರುವುದನ್ನೇ ಆರಿಸಿ. ಮಣಿಸರದಲ್ಲಿ ಮೊದಲು ಸವೆಯುವುದು ದಾರ, ಮಣಿಯಲ್ಲ. ಮಣಿಯ ತೂತಿನ ಅಂಚು ದಾರವನ್ನು ಉಜ್ಜುತ್ತಲೇ ಇರುತ್ತದೆ. ಪ್ರತಿ ಮಣಿಯ ನಡುವೆ ಗಂಟು ಹಾಕಿಸಿದರೆ ದಾರ ಕಿತ್ತರೂ ಮಣಿಗಳು ಚೆಲ್ಲುವುದಿಲ್ಲ.

ನನ್ನ ದೊಡ್ಡ ತಕರಾರು ಮಾರುವವರ ಬಗ್ಗೆ. ಗೆರೆ, ಚುಕ್ಕೆ ಇರುವ ಯಾವ ಕಲ್ಲಿಗೂ ಜಾಸ್ಪರ್ ಅಂತ ಹೆಸರಿಟ್ಟುಬಿಡುತ್ತಾರೆ. ಬಿಳಿಯ ಮೇಲೆ ಕಪ್ಪು ಚುಕ್ಕೆಯ ಡಾಲ್ಮೇಷನ್ ಜಾಸ್ಪರ್ ನಿಜಕ್ಕೂ ಜಾಸ್ಪರ್ ಅಲ್ಲ, ಅದೊಂದು ಅಗ್ನಿಶಿಲೆ. ಗಾಢ ನೀಲಿ ಕಂಡರಂತೂ ಹುಷಾರಾಗಿರಿ. ಒಂದು ಆನ್‌ಲೈನ್ ಅಂಗಡಿಯಿಂದ ಬಂದ ನೀಲಿ ಮಣಿಗಳನ್ನು ನೇಲ್ ಪಾಲಿಶ್ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ, ಹತ್ತಿಯೇ ನೀಲಿಯಾಯಿತು. ಇದೇನು ಹೊಸ ಕೈಚಳಕವಲ್ಲ. ಜರ್ಮನಿಯಲ್ಲಿ ಜಾಸ್ಪರಿಗೆ ಪ್ರಷ್ಯನ್ ನೀಲಿ ಅನ್ನುವ ಬಣ್ಣ ಹಾಕಿ, ಲ್ಯಾಪಿಸ್ ಅನ್ನುವ ಗಾಢ ನೀಲಿ ಕಲ್ಲಿನಂತೆ ಕಾಣಿಸುತ್ತಿದ್ದರು. ಬಣ್ಣ ಹಾಕಿದ್ದು ಅಂತ ಹೇಳಿ ಮಾರಿದರೆ ನನ್ನ ಆಕ್ಷೇಪವಿಲ್ಲ. ಹೇಳದೆ ಮಾರುವುದು ಮೋಸ, ಅಲ್ವಾ?

ರೋಗ ವಾಸಿಯಾಗುತ್ತದೆ, ಮನಸ್ಸು ಶಾಂತವಾಗುತ್ತದೆ ಅನ್ನುವ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಹಾಗೆ ಆಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಈ ಕಲ್ಲಿನ ನಿಜವಾದ ಗುಣಗಳೇ ಬೇಕಾದಷ್ಟಿವೆ. ದೊಡ್ಡ ದೊಡ್ಡ ಬಂಡೆಯಾಗಿ ಸಿಗುತ್ತದೆ, ಕೆತ್ತನೆಗೆ ಒಗ್ಗುತ್ತದೆ. ರಷ್ಯಾದ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿರುವ ಕೊಲಿವಾನ್ ಹೂದಾನಿ ಹಸಿರು ಜಾಸ್ಪರಿನದು, ತೂಕ ಸುಮಾರು 19 ಟನ್!

ಪದಕಕ್ಕಾದರೆ ನಾನು ಅಮೆರಿಕದ ಒರೆಗಾನ್ ಕಡೆಯ ಪಿಕ್ಚರ್ ಜಾಸ್ಪರ್ ಹೇಳುತ್ತೇನೆ. ಅದರ ಕಂದು ಗೆರೆಗಳಲ್ಲಿ ಬೆಟ್ಟಸಾಲು, ಬಯಲು ಕಾಣುತ್ತವೆ. ಎರಡು ತುಂಡು ಒಂದೇ ಥರ ಇರುವುದಿಲ್ಲ. ಆದ್ದರಿಂದ ಮಾದರಿ ಚಿತ್ರ ನೋಡಿ ಆರ್ಡರ್ ಮಾಡಬೇಡಿ. ನಿಮಗೆ ಕಳಿಸುವ ತುಂಡಿನದೇ ಫೋಟೋ ಕೇಳಿ, ಹಿಂಭಾಗದ್ದೂ ಸೇರಿಸಿ.