ದೊಡ್ಡ ತಂಡದ ಸಹಾಯಕ ಕೋಚೋ, ಸಣ್ಣ ಕಾಲೇಜಿನ ಮುಖ್ಯ ಕೋಚೋ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೇಲೇರಲು ಎರಡೂ ದಾರಿ ಉಂಟು.

ಟಾಮಿ ಲಾಯ್ಡ್ ಗೊನ್ಜಾಗ ವಿಶ್ವವಿದ್ಯಾಲಯದಲ್ಲಿ ಸುಮಾರು 20 ವರ್ಷ ಸಹಾಯಕರಾಗಿ ಮುಖ್ಯ ಕೋಚ್ ಮಾರ್ಕ್ ಫ್ಯೂ ಪಕ್ಕದಲ್ಲೇ ಕೂತರು. ಎದುರಾಳಿಯ ವಿಡಿಯೋ ಮತ್ತೆ ಮತ್ತೆ ನೋಡುವುದು, ಜಪಾನಿನ ರುಯಿ ಹಚಿಮುರ, ಲಿಥುವೇನಿಯಾದ ಸಬೋನಿಸ್ ಥರದ ಹುಡುಗರನ್ನು ಕರೆತರುವುದು, ಹೆಸರು ಮಾತ್ರ ಫ್ಯೂಗೆ! 2021ರಲ್ಲಿ ಅರಿಜೋನಾ ವಿಶ್ವವಿದ್ಯಾಲಯ ಮುಖ್ಯ ಕೋಚ್ ಆಗಲು ಕರೆಯಿತು. ಮೊದಲ ಸೀಸನ್ನಿನಲ್ಲೇ 33 ಗೆಲುವು.

ಡ್ಯಾನ್ ಹರ್ಲಿ 2010ರಲ್ಲಿ ಪುಟ್ಟ ವ್ಯಾಗ್ನರ್ ಕಾಲೇಜಿನ ಚುಕ್ಕಾಣಿ ಹಿಡಿದರು. ಆಮೇಲೆ ರೋಡ್ ಐಲೆಂಡ್, ನಂತರ ಕನೆಕ್ಟಿಕಟ್ ವಿಶ್ವವಿದ್ಯಾಲಯ: 2023, 2024ರ ರಾಷ್ಟ್ರೀಯ ಚಾಂಪಿಯನ್ನರು. ಈ ದಾರಿಯಲ್ಲಿ ಟೈಮ್‌ಔಟ್‌ನಲ್ಲಿ (ಆಟದ ನಡುವಿನ ಕಿರು ವಿರಾಮ) ತಂತ್ರ ಬರೆದು ತೋರಿಸುವ ಬೋರ್ಡೂ ನಿಮ್ಮ ಕೈಯಲ್ಲೇ, ಸೋಲೂ ನಿಮ್ಮ ತಲೆ ಮೇಲೇ.

ನನ್ನನ್ನು ಕೇಳಿದರೆ, ಮುಖ್ಯ ಕೋಚ್ ಗಟ್ಟಿಯಾಗಿದ್ದರೆ ಸಹಾಯಕರಾಗಿಯೇ ಇರಿ. ಅವರ ಕುರ್ಚಿ ಅಲುಗಾಡುತ್ತಿದ್ದರೆ ಬೇಗ ಹೊರಡಿ. ಅವರು ಹೋದರೆ ಸಾಮಾನ್ಯವಾಗಿ ನಿಮ್ಮ ಗಂಟುಮೂಟೆಯೂ ಹೊರಗೆ.